ಕಂಪ್ಯೂಟರಿನ ವಿಳಾಸ ಕೇಳುವ ಸಿ ಪ್ರೋಗ್ರಾಮ್: ಪಾಠ ತಿದ್ದಬೇಕಾಗಿದೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ಕೆಲವು ವಾರಗಳ ಹಿಂದೆ, ಕಂಪ್ಯೂಟರಿನ ಹೆಸರನ್ನೂ ನೆಟ್‌ವರ್ಕ್ ವಿಳಾಸವನ್ನೂ ಸಿ ಭಾಷೆಯ ಪ್ರೋಗ್ರಾಮಿನಿಂದ ತಿಳಿಯುವ ಬಗ್ಗೆ ಒಂದು ಪುಟ್ಟ ಲೇಖನ ಬಂದಿತ್ತು. ಸಿ ಭಾಷೆಯ ಕುರಿತು ಕನ್ನಡದಲ್ಲಿ ಇಷ್ಟಾದರೂ ಬರೆಯಿಸುವ ದಿನಪತ್ರಿಕೆ ಅಪರೂಪ. ಅದಕ್ಕಾಗಿ ಮೊದಲು ಕೃತಜ್ಞತೆ ಹೇಳುತ್ತೇನೆ. ಗಡಿನಾಡಿನ ನಮ್ಮ ಮಕ್ಕಳು ಆ ಲೇಖನವನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ, ಕೆಲವರು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಯೂ ಆಗಿದೆ. ಈ ಪತ್ರ ಬರೆಯಬೇಕಾಗಿ ಬಂದದ್ದೂ ಅದೇ ಕಾರಣಕ್ಕೆ. ಆ ಪ್ರೋಗ್ರಾಮ್ ಕಂಪೈಲ್ ಆಗುತ್ತದೆ, ಓಡುತ್ತದೆ, ತೆರೆಯ ಮೇಲೆ ಒಂದು ಉತ್ತರವನ್ನೂ ತೋರಿಸುತ್ತದೆ. ಆದರೆ ಆ ಉತ್ತರ ಮಕ್ಕಳು ಕೇಳಿದ ಪ್ರಶ್ನೆಗೆ ಸೇರಿದ್ದಲ್ಲ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಬದಿಯಡ್ಕದ ಸಮೀಪದ ನನ್ನ ಮನೆಯ ಜಗಲಿಯಲ್ಲಿ ಶನಿವಾರ ಮಧ್ಯಾಹ್ನದ ಮೇಲೆ ಐದಾರು ಮಕ್ಕಳು ಸೇರುತ್ತಾರೆ. ಪಾಲಿಟೆಕ್ನಿಕ್‌ಗೋ ಬಿಸಿಎಗೋ ಹೋಗುತ್ತಿರುವವರು. ಹತ್ತನೆಯ ತರಗತಿಯ ತನಕ ಕನ್ನಡದಲ್ಲೇ ಓದಿ, ಆಮೇಲೆ ಒಮ್ಮೆಲೇ ಪಠ್ಯ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ ಎಂಬ ತರಗತಿಗೆ ಹೋಗಿ ಕುಳಿತವರು. ಅವರಲ್ಲಿ ಒಬ್ಬಳು ಈಚೆಗೆ ತನ್ನ ರೆಕಾರ್ಡ್ ಪುಸ್ತಕವನ್ನು ತಂದು ತೋರಿಸಿದಳು. ಔಟ್‌ಪುಟ್ ಬರೆಯುವ ಎಡಪುಟದಲ್ಲಿ ಅವಳು 127.0.1.1 ಎಂದು ಬರೆದಿದ್ದಳು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ 192.168.1.5 ಎಂದು ತಿದ್ದಲಾಗಿತ್ತು. ತರಗತಿಯ ಎಲ್ಲರ ಪುಸ್ತಕದಲ್ಲೂ 192.168.1.5 ಎಂದೇ ಇದೆಯಂತೆ, ಯಾಕೆಂದರೆ ಅವರಿಗೆ ಕೊಟ್ಟ ಮಾದರಿಯಲ್ಲಿ ಹಾಗಿತ್ತು. “ಟೀಚರೇ, ನಾನು ಕಂಡದ್ದನ್ನೇ ಬರೆದದ್ದು. ಕಂಡದ್ದನ್ನು ಬರೆದರೆ ಅದು ಹೇಗೆ ತಪ್ಪಾಗುತ್ತದೆ?” ಎಂದು ಅವಳು ಕೇಳಿದಳು. ಒಂದೇ ಲ್ಯಾಬಿನ ಇಪ್ಪತ್ತು ಕಂಪ್ಯೂಟರುಗಳಿಗೆ ಒಂದೇ ವಿಳಾಸ ಇರಲು ಸಾಧ್ಯವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ತನ್ನ ಯಂತ್ರ 127.0.1.1 ಎಂದು ಯಾಕೆ ಹೇಳಿತು ಎಂಬುದಕ್ಕೆ ಪಠ್ಯದಲ್ಲಿ ಒಂದು ಸಾಲೂ ಇರಲಿಲ್ಲ. ತಮ್ಮ ಪುರವಣಿಯ ಲೇಖನದಲ್ಲೂ ಇರಲಿಲ್ಲ.

ಆ ಪ್ರೋಗ್ರಾಮಿನಲ್ಲಿರುವುದು ಎರಡು ಹೆಜ್ಜೆ. ಮೊದಲ ಹೆಜ್ಜೆಯಲ್ಲಿ ಗೆಟ್‌ಹೋಸ್ಟ್‌ನೇಮ್ ಎಂಬ ಫಂಕ್ಷನ್ ಯಂತ್ರದ ಹೆಸರನ್ನು ಕೇಳಿ ತರುತ್ತದೆ. ಎರಡನೆಯ ಹೆಜ್ಜೆಯಲ್ಲಿ ಗೆಟ್‌ಹೋಸ್ಟ್‌ಬೈನೇಮ್ ಎಂಬ ಇನ್ನೊಂದು ಫಂಕ್ಷನ್ನಿಗೆ ಆ ಹೆಸರನ್ನು ಕೊಟ್ಟು, ಅದರಿಂದ ಬಂದ ಪಟ್ಟಿಯ ಮೊದಲ ವಿಳಾಸವನ್ನು ಐನೆಟ್‌ಎನ್‌ಟಿಒಎ ಎಂಬುದರ ಮೂಲಕ ಚುಕ್ಕಿಗಳ ನಡುವಿನ ನಾಲ್ಕು ಅಂಕೆಗಳಾಗಿ ಮಾಡಿ ಮುದ್ರಿಸಲಾಗುತ್ತದೆ. ಇವೆಲ್ಲ 1983ರ ಬರ್ಕ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ 4.2 ಆವೃತ್ತಿಯ ಕಾಲದಿಂದ ಬಂದವು.

ಮೊದಲ ಹೆಜ್ಜೆಯಲ್ಲಿ ತಪ್ಪಿಲ್ಲ, ಆದರೆ ಅಜಾಗ್ರತೆ ಇದೆ. ಲೇಖನದಲ್ಲಿ ಹೆಸರಿಗೆಂದು ಇಟ್ಟ ಅರೇಯಲ್ಲಿ 20 ಅಕ್ಷರಗಳಿಗೆ ಮಾತ್ರ ಜಾಗ. ಲಿನಕ್ಸ್ ಕಾರ್ಯವ್ಯವಸ್ಥೆಯ ಒಂದು ಬಗೆಯಾದ ಉಬುಂಟು ಹಾಕುವಾಗ ನಾವು ಬೇರೆ ಹೆಸರು ಕೊಡದಿದ್ದರೆ, ಅದು ಬಳಕೆದಾರನ ಹೆಸರಿಗೆ ಕಂಪ್ಯೂಟರಿನ ಮಾದರಿಯ ಹೆಸರನ್ನು ಜೋಡಿಸಿ ಉದ್ದವಾದ ಹೆಸರೊಂದನ್ನು ಸೂಚಿಸುತ್ತದೆ. ಅದು 20ನ್ನು ಸುಲಭವಾಗಿ ದಾಟುತ್ತದೆ. ಲಿನಕ್ಸಿನಲ್ಲಿ ಯಂತ್ರದ ಹೆಸರಿಗೆ 64 ಬೈಟ್ ತನಕ ಅವಕಾಶವಿದೆ, ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಸಮಾನ ನಿಯಮ ಹೇಳುವ ಪಾಸಿಕ್ಸ್ ಮಾನಕವು 255ನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ ಎನ್ನುತ್ತದೆ. ಜಾಗ ಸಾಲದೆ ಹೆಸರು ತುಂಡಾದರೆ ಅದರ ಕೊನೆಯಲ್ಲಿ, ಹೆಸರು ಮುಗಿಯಿತೆಂದು ಸೂಚಿಸುವ ಸೊನ್ನೆ ಬೈಟ್ ಇರುತ್ತದೆಂಬ ಭರವಸೆಯನ್ನು ಆ ಮಾನಕ ಕೊಡುವುದಿಲ್ಲ; ಕೊನೆ ಕಾಣದ ಅಕ್ಷರಮಾಲೆಯನ್ನು ತೆರೆಗೆ ಮುದ್ರಿಸುವ ಪ್ರಿಂಟ್‌ಎಫ್‌ಗೆ ಕೊಟ್ಟರೆ ಅದು ಪಕ್ಕದ ಜಾಗದಲ್ಲಿರುವುದನ್ನೂ ಅಕ್ಷರಗಳೆಂದು ಮುದ್ರಿಸುತ್ತಾ ಹೋಗಬಹುದು. ಅರೇಗೆ 256 ಬೈಟ್ ಕೊಟ್ಟು, ಕೊನೆಯ ಬೈಟಿಗೆ ನಾವೇ ಸೊನ್ನೆ ಹಾಕಿ, ಫಂಕ್ಷನ್ ಹಿಂದಿರುಗಿಸಿದ್ದು 0 ಹೌದೋ ಅಲ್ಲವೋ ನೋಡಿದರೆ ಮುಗಿಯಿತು. ವಿಂಡೋಸಿನಲ್ಲಾದರೆ ಇದಕ್ಕೂ ಮೊದಲು, ನೆಟ್‌ವರ್ಕ್ ಸೌಲಭ್ಯವನ್ನು ಸಿದ್ಧಗೊಳಿಸುವ ಡಬ್ಲ್ಯೂಎಸ್‌ಎಸ್ಟಾರ್ಟಪ್ ಎಂಬುದನ್ನು ಕರೆಯಬೇಕು. ಕರೆಯದಿದ್ದರೆ 10093 ಎಂಬ ದೋಷಸಂಖ್ಯೆ ಸಿಗುತ್ತದೆಯೇ ಹೊರತು ಹೆಸರು ಸಿಗುವುದಿಲ್ಲ. ಹಿಂದಿರುಗಿದ ಬೆಲೆಯನ್ನು ಪರೀಕ್ಷಿಸದ ಹುಡುಗನೊಬ್ಬ ತೆರೆಯ ಮೇಲೆ ಬಂದ ಅರ್ಥವಿಲ್ಲದ ಚಿಹ್ನೆಗಳನ್ನೇ ಕಂಪ್ಯೂಟರಿನ ಹೆಸರೆಂದು ಬರೆದುಕೊಂಡು ಬಂದದ್ದನ್ನು ನಾನು ಕಂಡಿದ್ದೇನೆ.

ನಿಜವಾದ ತೊಡಕು ಎರಡನೆಯ ಹೆಜ್ಜೆಯಲ್ಲಿದೆ. ಗೆಟ್‌ಹೋಸ್ಟ್‌ಬೈನೇಮ್ ಯಂತ್ರದ ನೆಟ್‌ವರ್ಕ್ ಕಾರ್ಡನ್ನು ನೋಡುವುದೇ ಇಲ್ಲ. ಅದು ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯನ್ನು ಕೇಳುತ್ತದೆ. ಆ ವ್ಯವಸ್ಥೆ ಸಾಮಾನ್ಯವಾಗಿ ಮೊದಲು ತೆರೆದು ನೋಡುವುದು ಇಟಿಸಿ ಎಂಬ ಫೋಲ್ಡರಿನ ಒಳಗಿರುವ ಹೋಸ್ಟ್ಸ್ ಎಂಬ ಫೈಲನ್ನು. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು, ಶಾಶ್ವತ ವಿಳಾಸವಿಲ್ಲದ ಯಂತ್ರದಲ್ಲೂ ಅದರ ಹೆಸರಿಗೆ ಏನಾದರೊಂದು ಉತ್ತರ ಸಿಗಲಿ ಎಂಬ ಉದ್ದೇಶದಿಂದ ಆ ಫೈಲಿನಲ್ಲಿ 127.0.1.1 ಎಂದು ಬರೆದು ಅದರ ಮುಂದೆ ಯಂತ್ರದ ಹೆಸರನ್ನು ಇಡುತ್ತವೆ. 127ರಿಂದ ಆರಂಭವಾಗುವ ವಿಳಾಸಗಳೆಲ್ಲ ಯಂತ್ರ ತನ್ನೊಂದಿಗೇ ಮಾತಾಡಿಕೊಳ್ಳಲು ಮೀಸಲಾದವು. ಅವು ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಆ ಹುಡುಗಿಯ ಪ್ರೋಗ್ರಾಮ್ ಕಡತದಲ್ಲಿದ್ದುದನ್ನು ಓದಿ ಹೇಳಿತು, ಅಷ್ಟೆ. ಅವಳ ಎಡಪುಟದಲ್ಲಿದ್ದದ್ದು ಸತ್ಯ. ಅದನ್ನು ಹೊಡೆದುಹಾಕಿದ ಕೆಂಪು ಶಾಯಿಯೇ ತಪ್ಪು ಎಂದು ನಾನು ಅವಳಿಗೆ ಹೇಳಿದೆ, ಇಲ್ಲಿಯೂ ಹೇಳುತ್ತೇನೆ.

ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಈ ಮಾತನ್ನು ಕಣ್ಣಾರೆ ತೋರಿಸುವ ಅನುಕೂಲವಿದೆ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಎಂದಾದ ಯೋಜನೆಯಿಂದಾಗಿ ಮಕ್ಕಳು ಹೈಸ್ಕೂಲಿನಿಂದಲೇ ಗ್ನು ಲಿನಕ್ಸಿನಲ್ಲಿ ಪಳಗಿರುತ್ತಾರೆ. ಆ ಫೈಲನ್ನು ತೆರೆದು ಓದಲು ಯಾರ ಅನುಮತಿಯೂ ಬೇಡ. ಅಂದು ಸಂಜೆ ಆ ಹುಡುಗಿ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದಳು. ಮೇಲಿನ ಸಾಲಿನಲ್ಲಿ 127.0.0.1, ಅದರ ಕೆಳಗೆ 127.0.1.1, ಅದರ ಮುಂದೆ ನನ್ನ ಲ್ಯಾಪ್‌ಟಾಪಿನ ಹೆಸರು. ಒಂದು ಕ್ಷಣ ನೋಡಿ, “ಓ, ಇಲ್ಲಿಂದ ಬಂದದ್ದಾ?” ಎಂದಳು. ಆ ಒಂದು ನೋಟದಲ್ಲಿ ಅವಳಿಗೆ ತಿಳಿದಷ್ಟು ನನ್ನ ಅರ್ಧ ಗಂಟೆಯ ವಿವರಣೆಯಿಂದ ತಿಳಿಯುತ್ತಿರಲಿಲ್ಲ.

ಗೆಟ್‌ಹೋಸ್ಟ್‌ಬೈನೇಮ್ ಹುಟ್ಟಿದ ಕಾಲಕ್ಕೆ ಈ ರೀತಿ ಸರಿಯಾಗಿಯೇ ಇತ್ತು. ಇಂಟರ್‌ನೆಟ್ಟಿಗೆ ಮೂಲವಾದ ಅರ್ಪಾನೆಟ್‌ನ ದಿನಗಳಲ್ಲಿ ಎಲ್ಲ ಯಂತ್ರಗಳ ಹೆಸರೂ ವಿಳಾಸವೂ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ನಿರ್ವಹಿಸುತ್ತಿದ್ದ ಒಂದೇ ಒಂದು ಹೋಸ್ಟ್ಸ್ ಫೈಲಿನಲ್ಲಿ ಇರುತ್ತಿದ್ದವು, ಉಳಿದವರು ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳ ಸಂಖ್ಯೆ ಹೆಚ್ಚಿ ಆ ಏರ್ಪಾಡು ತಾಳದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ಇಂದು ನಾವು ಡಿಎನ್‌ಎಸ್ ಎನ್ನುವ ಹೆಸರಿನ ವ್ಯವಸ್ಥೆಯನ್ನು ರೂಪಿಸಿದರು. ಆಗ ಯಂತ್ರವೆಂದರೆ ಕೋಣೆಯಲ್ಲಿ ನೆಲೆನಿಂತ ಯಂತ್ರ. ಬಹುಮಟ್ಟಿಗೆ ಅದಕ್ಕೆ ಒಂದು ತಂತಿ, ಒಂದು ಹೆಸರು, ಒಂದು ವಿಳಾಸ. ಹೆಸರು ಕೊಟ್ಟು ವಿಳಾಸ ಕೇಳಿದರೆ ಸಾಕಾಗುತ್ತಿತ್ತು. ಇಂದು ಶಾಲೆಯ ಬ್ಯಾಗಿನಲ್ಲಿ ತಿರುಗುವ ಲ್ಯಾಪ್‌ಟಾಪಿಗೆ ತಂತಿಯ ಜೋಡಣೆ ಒಂದು, ವೈಫೈ ಒಂದು, ಫೋನಿನ ಹಾಟ್‌ಸ್ಪಾಟಿಗೆ ಸೇರಿದಾಗ ಸಿಗುವ ವಿಳಾಸ ಮತ್ತೊಂದು. ನಮ್ಮ ಜಗಲಿಯಲ್ಲಿ ಅದೇ ಪ್ರೋಗ್ರಾಮನ್ನು ಮೂರು ಕಂಪ್ಯೂಟರುಗಳಲ್ಲಿ ಓಡಿಸಿ ನೋಡಿದೆವು. ಉಬುಂಟು ಇದ್ದದ್ದು 127.0.1.1 ಎಂದಿತು. ವಿಂಡೋಸ್ ಇದ್ದ ಒಂದು 192.168.43ರಿಂದ ಆರಂಭವಾಗುವ ವಿಳಾಸ ಕೊಟ್ಟಿತು, ಅದು ಹುಡುಗನ ಫೋನಿನ ಹಾಟ್‌ಸ್ಪಾಟ್ ಹಂಚಿದ್ದು. ವಿಂಡೋಸಿನ ಇನ್ನೊಂದು 192.168.56.1 ಎಂದಿತು. ಇದೆಲ್ಲಿಯದು ಎಂದು ತುಸು ತಡಕಾಡಿದ ಮೇಲೆ, ಹುಡುಗ ಯಾವಾಗಲೋ ಹಾಕಿದ್ದ, ಕಂಪ್ಯೂಟರಿನೊಳಗೆ ಇನ್ನೊಂದು ಕಲ್ಪಿತ ಕಂಪ್ಯೂಟರನ್ನು ನಡೆಸುವ ವರ್ಚುವಲ್‌ಬಾಕ್ಸ್ ತನ್ನ ಕಲ್ಪಿತ ಕಾರ್ಡಿಗೆ ಕೊಟ್ಟುಕೊಂಡ ವಿಳಾಸ ಅದೆಂದು ಗೊತ್ತಾಯಿತು. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಈ ಗೊಂದಲದ ಬೇರು, ವಿಳಾಸ ಕಂಪ್ಯೂಟರಿಗೆ ಸೇರಿದ್ದು ಎಂಬ ನಂಬಿಕೆಯಲ್ಲಿದೆ. ಹೆಸರು ಕಂಪ್ಯೂಟರಿನದ್ದು, ವಿಳಾಸ ಅದರ ಒಂದೊಂದು ಜೋಡಣೆಯದ್ದು, ಅಂದರೆ ಇಂಟರ್‌ಫೇಸಿನದ್ದು. ಪೇಟೆಯ ಮೂಲೆಯಲ್ಲಿ ಎರಡು ರಸ್ತೆಗೂ ಬಾಗಿಲಿರುವ ಅಂಗಡಿಯನ್ನು ಮಕ್ಕಳಿಗೆ ನೆನಪಿಸಿದೆ. ಮೂರು ಕೋಣೆಗಳನ್ನು ಸೇರಿಸಿ ನಡೆಸುವ ಅಂಗಡಿಗೆ ಬೋರ್ಡು ಒಂದೇ, ಆದರೆ ಪಂಚಾಯತಿನವರು ಪ್ರತಿ ಕೋಣೆಗೂ ಬೇರೆ ಬೇರೆ ನಂಬ್ರ ಕೊಟ್ಟಿರುತ್ತಾರೆ. “ಅಂಗಡಿಯ ನಂಬ್ರ ಎಷ್ಟು?” ಎಂದು ಕೇಳಿದರೆ ಅಂಗಡಿಯವನು “ಯಾವ ಕೋಣೆಯದ್ದು?” ಎಂದು ಮರಳಿ ಕೇಳಬೇಕಾಗುತ್ತದೆ. ಬೋರ್ಡಿನ ಹೆಸರನ್ನು ಹಿಡಿದುಕೊಂಡು ನಂಬ್ರ ಹುಡುಕುವುದಕ್ಕಿಂತ ಕೋಣೆಗಳ ಮುಂದೆಯೇ ನಡೆದು ಬಾಗಿಲ ಮೇಲಿನ ನಂಬ್ರವನ್ನು ಓದುವುದು ಸರಿಯಾದ ದಾರಿ.

ಹಾಗೆ ಓದಿಕೊಡುವ ಫಂಕ್ಷನ್ ಇದೆ, ಅದರ ಹೆಸರು ಗೆಟ್‌ಇಫ್‌ಆಡ್ರ್ಸ್. ಲಿನಕ್ಸ್, ಬಿಎಸ್‌ಡಿ, ಮ್ಯಾಕ್ ಮೂರರಲ್ಲೂ ಅದು ಸಿಗುತ್ತದೆ. ಇಫ್‌ಆಡ್ರ್ಸ್ ಎಂಬ ಹೆಡರ್ ಫೈಲನ್ನು ಸೇರಿಸಿಕೊಂಡರೆ ಸಾಕು. ಅದು ಯಂತ್ರದ ಎಲ್ಲ ಜೋಡಣೆಗಳನ್ನೂ ಕೊಂಡಿಗೆ ಕೊಂಡಿ ಸೇರಿದ ಪಟ್ಟಿಯಾಗಿ ಕೊಡುತ್ತದೆ. ಲಿಂಕ್ಡ್ ಲಿಸ್ಟ್ ಎಂಬ ಪಾಠವನ್ನು ಬರೇ ಪರೀಕ್ಷೆಗಾಗಿ ಓದಿದ ಮಕ್ಕಳಿಗೆ, ನಿಜವಾದ ಲಿಂಕ್ಡ್ ಲಿಸ್ಟೊಂದು ಕೆಲಸ ಮಾಡುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪಟ್ಟಿಯ ತಲೆಯಿಂದ ಹೊರಟು ಒಂದೊಂದು ಕೊಂಡಿಯಲ್ಲೂ ವಿಳಾಸ ಎಲ್ಲಿದೆ ಎಂದು ತೋರಿಸುವ ಪಾಯಿಂಟರ್ ಖಾಲಿಯೇ ಎಂದು ಮೊದಲು ನೋಡಬೇಕು; ಕೆಲವು ಜೋಡಣೆಗಳಿಗೆ ವಿಳಾಸವೇ ಇಲ್ಲದಿರಬಹುದು, ಈ ಪರೀಕ್ಷೆ ಬಿಟ್ಟರೆ ಪ್ರೋಗ್ರಾಮ್ ಅಲ್ಲಿಯೇ ಮುಗ್ಗರಿಸುತ್ತದೆ. ಆಮೇಲೆ ಅದು ಐಪಿವಿ4 ಎಂಬ ಹಳೆಯ ಬಗೆಯ ನಾಲ್ಕು ಸಂಖ್ಯೆಗಳ ವಿಳಾಸವೋ ಐಪಿವಿ6 ಎಂಬ ಹೊಸ ಬಗೆಯ ಉದ್ದ ವಿಳಾಸವೋ ಎಂದು ನೋಡಿ, ಲೂಪ್‌ಬ್ಯಾಕ್ ಎಂಬ ಗುರುತು ಇರುವುದನ್ನು (ಯಂತ್ರ ತನ್ನೊಂದಿಗೇ ಮಾತಾಡಿಕೊಳ್ಳುವ ಜೋಡಣೆಯನ್ನು) ಬಿಟ್ಟು, ಉಳಿದವುಗಳ ಜೋಡಣೆಯ ಹೆಸರನ್ನೂ ವಿಳಾಸವನ್ನೂ ಮುದ್ರಿಸುವುದು. ಕೊನೆಯಲ್ಲಿ ಫ್ರೀಇಫ್‌ಆಡ್ರ್ಸ್ ಕರೆದು ಪಟ್ಟಿಯ ಜಾಗವನ್ನು ಮರಳಿ ಕೊಡಬೇಕು. ಇಡೀ ಪ್ರೋಗ್ರಾಮ್ ಮೂವತ್ತು ಸಾಲು ದಾಟುವುದಿಲ್ಲ. ವಿಂಡೋಸಿನಲ್ಲಿ ಈ ಕೆಲಸಕ್ಕೆ ಗೆಟ್‌ಅಡಾಪ್ಟರ್ಸ್‌ಅಡ್ರೆಸಸ್ ಎಂಬ ಬೇರೆ ಫಂಕ್ಷನ್ ಇದೆ.

ವಿಳಾಸವನ್ನು ಓದುವ ರೂಪಕ್ಕೆ ತರಲು ಐನೆಟ್‌ಎನ್‌ಟಿಒಎ ಬದಲು ಐನೆಟ್‌ಎನ್‌ಟಾಪ್ ಬಳಸಬೇಕು ಎಂಬುದನ್ನೂ ಸೇರಿಸುತ್ತೇನೆ. ಹಳೆಯದು ಉತ್ತರವನ್ನು ತನ್ನದೇ ಒಂದು ಖಾಯಂ ಜಾಗದಲ್ಲಿ ಬರೆದಿಟ್ಟು ಆ ಜಾಗದ ಪಾಯಿಂಟರ್ ಕೊಡುತ್ತದೆ. ಮತ್ತೊಮ್ಮೆ ಕರೆದರೆ ಅದೇ ಜಾಗದ ಮೇಲೆ ಹೊಸ ಉತ್ತರ ಬರೆಯುತ್ತದೆ. ಹಾಗಾಗಿ ಒಂದೇ ಪ್ರಿಂಟ್‌ಎಫ್ ಒಳಗೆ ಎರಡು ವಿಳಾಸಗಳಿಗಾಗಿ ಎರಡು ಸಲ ಕರೆದರೆ ಎರಡೂ ಕಡೆ ಒಂದೇ ವಿಳಾಸ ಅಚ್ಚಾಗುತ್ತದೆ. ನಮ್ಮ ಹುಡುಗನೊಬ್ಬ ಇದರಿಂದಾಗಿ ಒಂದು ಮಧ್ಯಾಹ್ನವನ್ನೇ ಕಳೆದ. ಹೊಸ ಫಂಕ್ಷನ್ನಿಗೆ ಜಾಗವನ್ನು ನಾವೇ ಕೊಡುತ್ತೇವೆ, ಐಪಿವಿ4ಕ್ಕೆ 16 ಬೈಟ್, ಐಪಿವಿ6ಕ್ಕೆ 46 ಬೈಟ್. ಒಂದರ ಮೇಲೊಂದು ಬರೆಯುವ ತೊಂದರೆ ಇಲ್ಲ. ಗೆಟ್‌ಹೋಸ್ಟ್‌ಬೈನೇಮ್ ಕೂಡ ಹೀಗೆಯೇ ಒಂದೇ ಖಾಯಂ ಜಾಗ ಬಳಸುವಂಥದ್ದು, ಸಾಮಾನ್ಯವಾಗಿ ಐಪಿವಿ4 ವಿಳಾಸವನ್ನು ಮಾತ್ರ ಕೊಡುವಂಥದ್ದು. ಪಾಸಿಕ್ಸ್ ಮಾನಕದ 2001ರ ಆವೃತ್ತಿ ಅದನ್ನು ಹಳತಾಯಿತೆಂದು ಗುರುತಿಸಿತು, 2008ರ ಆವೃತ್ತಿ ಕೈಬಿಟ್ಟಿತು. ಅದರ ಜಾಗಕ್ಕೆ ಗೆಟ್‌ಆಡ್ರ್‌ಇನ್ಫೋ ಬಂದಿದೆ. ಬೇರೊಂದು ಯಂತ್ರದ ಹೆಸರಿನಿಂದ ವಿಳಾಸ ಹುಡುಕಲು ಅದನ್ನೇ ಬಳಸಬೇಕು. ಆದರೆ ಸ್ವಂತ ಯಂತ್ರದ ಹೆಸರು ಕೊಟ್ಟು ಅದನ್ನು ಕೇಳಿದರೂ ಉಬುಂಟುವಿನಲ್ಲಿ ಬರುವುದು ಅದೇ 127.0.1.1. ಹಳೆಯ ಫಂಕ್ಷನ್ ತೆಗೆದು ಹೊಸದನ್ನು ಹಾಕಿದರೆ ಪಾಠ ಸರಿಯಾಯಿತೆಂದು ಯಾರೂ ಭಾವಿಸಬಾರದು ಎಂದು ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಲವು ಜೋಡಣೆಗಳಿದ್ದಾಗ ಹೊರಗಿನ ಜಗತ್ತಿಗೆ ಹೋಗುವುದು ಯಾವುದರ ಮೂಲಕ ಎಂಬ ಪ್ರಶ್ನೆಗೆ ಅಂದವಾದ ಉಪಾಯವೊಂದಿದೆ. ಯುಡಿಪಿ ಬಗೆಯ (ಮೊದಲೇ ಸಂಪರ್ಕ ಕುದುರಿಸದೆ ಪೊಟ್ಟಣ ಕಳುಹಿಸುವ ಬಗೆಯ) ಸಾಕೆಟ್, ಅಂದರೆ ನೆಟ್‌ವರ್ಕಿಗೆ ಪ್ರೋಗ್ರಾಮಿನ ಬಾಗಿಲೊಂದನ್ನು ತೆರೆದು, ಹೊರಗಿನ ಯಾವುದಾದರೂ ವಿಳಾಸಕ್ಕೆ, ಉದಾಹರಣೆಗೆ 8.8.8.8ಕ್ಕೆ, ಕನೆಕ್ಟ್ ಎಂದು ಕರೆಯುವುದು. ಆಮೇಲೆ ಗೆಟ್‌ಸಾಕ್‌ನೇಮ್ ಮೂಲಕ ಆ ಸಾಕೆಟ್ಟಿನ ನಮ್ಮ ಬದಿಯ ವಿಳಾಸವನ್ನು ಕೇಳುವುದು. ಯುಡಿಪಿಯಲ್ಲಿ ಕನೆಕ್ಟ್ ಎಂದರೆ ಯಾವ ಪೊಟ್ಟಣವೂ ಹೊರಗೆ ಹೋಗುವುದಿಲ್ಲ; ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್ ತನ್ನ ದಾರಿಗಳ ಪಟ್ಟಿಯನ್ನು ನೋಡಿ, ಅಲ್ಲಿಗೆ ಹೋಗುವುದಾದರೆ ಇಂಥ ವಿಳಾಸದಿಂದ ಹೊರಡುತ್ತೇನೆ ಎಂದು ನಿಶ್ಚಯಿಸುತ್ತದೆ, ನಾವು ಆ ನಿಶ್ಚಯವನ್ನು ಓದಿಕೊಳ್ಳುತ್ತೇವೆ. ಏನನ್ನೂ ಕಳುಹಿಸದೆ ಉತ್ತರ ಪಡೆಯುವ ಈ ಕ್ರಮವನ್ನು ಕಂಡಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ಇಷ್ಟೆಲ್ಲ ಮಾಡಿ ಸಿಕ್ಕ ವಿಳಾಸವೂ ಹೆಚ್ಚಾಗಿ ಮನೆಯೊಳಗಿನದ್ದೇ. 10ರಿಂದ ಆರಂಭವಾಗುವವು, 172.16ರಿಂದ 172.31ರ ತನಕ ಇರುವವು, 192.168ರಿಂದ ಆರಂಭವಾಗುವವು, ಇವು 1996ರ ಆರ್‌ಎಫ್‌ಸಿ 1918 ಎಂಬ ದಾಖಲೆಯ ಪ್ರಕಾರ ಖಾಸಗಿ ಬಳಕೆಯ ವಿಳಾಸಗಳು. ನಮ್ಮ ಕಡೆ ‘ಮೇಲಿನಮನೆ’ ಎಂಬ ಹೆಸರಿನ ಮನೆ ಎಷ್ಟು ಊರುಗಳಲ್ಲಿಲ್ಲ? ಆ ಊರಿನೊಳಗೆ ಮೇಲಿನಮನೆ ಎಂದರೆ ಸಾಕು, ಯಾರೂ ತಪ್ಪುವುದಿಲ್ಲ; ಅಂಚೆಯ ಕಾಗದದ ಮೇಲೆ ಅಷ್ಟನ್ನೇ ಬರೆದು ಹಾಕಿದರೆ ಅದು ಎಲ್ಲಿಗೂ ತಲುಪುವುದಿಲ್ಲ. 192.168.1.5 ಕೂಡ ಅಂಥದ್ದೇ. 32 ಬಿಟ್‌ಗಳ ಐಪಿವಿ4ರಲ್ಲಿ ಒಟ್ಟು ವಿಳಾಸಗಳೇ ಸುಮಾರು 429 ಕೋಟಿ, ಲೋಕದ ಜನಸಂಖ್ಯೆಗೂ ಸಾಲದಷ್ಟು. ಹಾಗಾಗಿ ಮನೆಯ ರೂಟರ್ ಒಳಗಿನ ಎಲ್ಲರ ಪರವಾಗಿ ಹೊರಗೆ ಒಂದೇ ವಿಳಾಸವನ್ನು ತೋರಿಸುತ್ತದೆ. ಕೆಲವು ಸೇವೆಗಳಲ್ಲಿ ರೂಟರಿಗೆ ಸಿಗುವುದು ಕೂಡ 100.64ರಿಂದ 100.127ರ ತನಕದ, ಸೇವೆ ಕೊಡುವವರ ಬಲೆಯೊಳಗಿನ ವಿಳಾಸ. ಹೊರಗೆ ತೋರುವ ಆ ವಿಳಾಸ ನಮ್ಮ ಯಂತ್ರದ ಯಾವ ಮೂಲೆಯಲ್ಲೂ ಬರೆದಿರುವುದಿಲ್ಲ. ಸಿ ಪ್ರೋಗ್ರಾಮ್ ಎಷ್ಟು ಜಾಣತನದಿಂದ ಬರೆದರೂ ಯಂತ್ರದೊಳಗೆ ಹುಡುಕಿ ಅದನ್ನು ತರಲಾಗದು, ಹೊರಗಿನವರೊಬ್ಬರನ್ನು “ನಾನು ನಿಮಗೆ ಯಾವ ವಿಳಾಸದಿಂದ ಕಾಣಿಸುತ್ತಿದ್ದೇನೆ?” ಎಂದೇ ಕೇಳಬೇಕು. ಲೇಖನದ ಕೊನೆಯ ಸಾಲಿನಲ್ಲಿ, ಈ ವಿಳಾಸದಿಂದ ಲೋಕದ ಯಾವ ಮೂಲೆಯವರೂ ನಿಮ್ಮನ್ನು ತಲುಪಬಹುದು ಎಂದು ಬರೆದದ್ದನ್ನು ಓದಿ ಒಬ್ಬ ಹುಡುಗ ಮಂಗಳೂರಿನ ಗೆಳೆಯನಿಗೆ 192.168ರ ವಿಳಾಸ ಕೊಟ್ಟು, ಗೆಳೆಯನಿಂದ ಏನೂ ಬಾರದೆ ತನ್ನದೇ ತಪ್ಪಿರಬೇಕೆಂದು ಪ್ರೋಗ್ರಾಮನ್ನು ಮೂರು ಸಲ ಹೊಸದಾಗಿ ಬರೆದ. ತಪ್ಪು ಅವನದ್ದಾಗಿರಲಿಲ್ಲ.

ಹೆಸರಿನ ಬಗ್ಗೆ ಇನ್ನೊಂದು ಮಾತು, ಇದು ಕನ್ನಡದವರಿಗೇ ಸಂಬಂಧಪಟ್ಟದ್ದು. ಮಕ್ಕಳು ಯಂತ್ರಗಳಿಗೆ ನಮ್ಮ ಹೊಳೆಗಳ ಹೆಸರಿಡಲು ಹೊರಟು ‘ಪಯಸ್ವಿನಿ’ ಎಂದು ಕನ್ನಡ ಲಿಪಿಯಲ್ಲೇ ಕೊಟ್ಟರು. ನೆಟ್‌ವರ್ಕಿನಲ್ಲಿ ಯಂತ್ರದ ಹೆಸರಿಗೆ ರೋಮನ್ ಅಕ್ಷರ, ಅಂಕೆ ಮತ್ತು ಅಡ್ಡಗೆರೆ ಮಾತ್ರ ಸಲ್ಲುತ್ತವೆ. ಆದರೆ ಲಿನಕ್ಸಿನ ಹೋಸ್ಟ್‌ನೇಮ್‌ಸಿಟಿಎಲ್ ಎಂಬ ಆಜ್ಞೆಯಿಂದ ಮನುಷ್ಯರು ಓದಲೆಂದು ಇಡುವ ಚಂದದ ಹೆಸರೊಂದನ್ನು ಕೊಡಬಹುದು, ಅದರಲ್ಲಿ ಕನ್ನಡ ನಡೆಯುತ್ತದೆ. ಗೆಟ್‌ಹೋಸ್ಟ್‌ನೇಮ್ ಅದನ್ನು ತೋರಿಸುವುದಿಲ್ಲ, ಅದು ಬೇರೆಯೇ ಫೈಲಿನಲ್ಲಿರುತ್ತದೆ. ಕನ್ನಡದ ‘ಪಯಸ್ವಿನಿ’ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ 24 ಬೈಟ್ ಆಗುತ್ತದೆ ಎಂದು ಎಣಿಸಿ ತೋರಿಸಿದಾಗ, ಅಕ್ಷರವೂ ಬೈಟೂ ಒಂದೇ ಅಲ್ಲವೆಂಬುದು ಅವರಿಗೆ ಮೊದಲ ಸಲ ಮನದಟ್ಟಾಯಿತು. ಇಂಗ್ಲಿಷ್ ಮಾತ್ರ ಬಳಸುವ ಪಾಠದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಈ ಅಭ್ಯಾಸದ ಔಟ್‌ಪುಟ್ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಬಹುದು, ಆದ್ದರಿಂದ ಮಾದರಿ ಪುಸ್ತಕದ ಅಂಕೆಗೆ ಹೋಲಿಸಿ ಅಂಕ ಕೊಡಬೇಡಿ, 127.0.1.1 ಬಂದ ಮಗುವನ್ನು, ಅದು ಯಾಕೆ ಬಂತು ಎಂದು ವೈವಾದಲ್ಲಿ ಕೇಳಿ. ತಮ್ಮಲ್ಲಿ ವಿನಂತಿ, ಪ್ರಾಯೋಗಿಕ ಪರೀಕ್ಷೆಗಳು ಆರಂಭವಾಗುವ ಮೊದಲು ಪುರವಣಿಯ ಅದೇ ಪುಟದಲ್ಲಿ ತಿದ್ದುಪಡಿಯೊಂದನ್ನು ಪ್ರಕಟಿಸಬೇಕು. ಲೋಕದ ಯಾವ ಮೂಲೆಯವರೂ ತಲುಪಬಹುದೆಂಬ ಆ ಕೊನೆಯ ಸಾಲನ್ನಾದರೂ ಹಿಂತೆಗೆದುಕೊಳ್ಳಬೇಕು. ಗೆಟ್‌ಇಫ್‌ಆಡ್ರ್ಸ್ ಬಳಸಿದ ಪ್ರೋಗ್ರಾಮನ್ನು ನಮ್ಮ ಮಕ್ಕಳು ಓಡಿಸಿ ನೋಡಿ, ಪ್ರತಿ ಸಾಲಿಗೂ ಕನ್ನಡದಲ್ಲಿ ಟಿಪ್ಪಣಿ ಬರೆದು ಸಿದ್ಧವಾಗಿ ಇಟ್ಟಿದ್ದಾರೆ. ಸ್ಥಳಾವಕಾಶ ಕೊಡುವುದಾದರೆ ಮರುದಿನವೇ ಕಳುಹಿಸಿಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ